ದೊಡ್ಡ ಮೀನನ್ನೇ ಉಳಿಸಿಕೊಂಡರೂ ಮರಿಗಳೇಕೆ ಚಿಕ್ಕದಾದವು?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಈಗ ಪುಣೆ ಜಿಲ್ಲೆಯ ಇಂದಾಪುರದ ಬಳಿ ಜಮೀನು ಮಾಡಿಕೊಂಡಿದ್ದೇನೆ. ಪ್ಲಾಸ್ಟಿಕ್ ಹೊದಿಸಿದ ಎರಡು ಶೇತತಳೆಗಳಲ್ಲಿ, ಅಂದರೆ ಕೃಷಿ ಹೊಂಡಗಳಲ್ಲಿ, ಸಾಯಪ್ರಿನಸ್, ಅಂದರೆ ನಮ್ಮ ಸಾಮಾನ್ಯ ಗೆಂಡೆ ಸಾಕುತ್ತಿದ್ದೇನೆ. ಪ್ರತಿ ಸುತ್ತಿನಲ್ಲೂ ಸಾವಿರ ಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡವಾದ ಎರಡು ಗಂಡು, ಹನ್ನೆರಡು ಹೆಣ್ಣು ಉಳಿಸಿಕೊಂಡು ನಾನೇ ಮರಿ ಮಾಡಿಸಿದೆ. ಮೊದಲ ಸುತ್ತಿನ ಮೀನು ಮುಕ್ಕಾಲು ಕಿಲೋ ತೂಗಿತ್ತು. ಈಗ ಮೂರನೆಯ ಸುತ್ತು. ಅಷ್ಟೇ ದಿನಕ್ಕೆ 300 ಗ್ರಾಂ ದಾಟುತ್ತಿಲ್ಲ, ಹೊಟ್ಟೆ ತುಂಬ ಮೊಟ್ಟೆ. ಮರಿ ಮಾರುವವರು ‘ಜಯಂತಿ ರೋಹು ಹಾಕಿ, ಗಿಫ್ಟ್ ಚಿಲಾಪಿ ಹಾಕಿ, ಸುಧಾರಿತ ತಳಿ’ ಎನ್ನುತ್ತಾರೆ. ‘ಅದು ಜೀನ್ ಬದಲಿಸಿದ ಮೀನು, ತಿನ್ನಬಾರದು’ ಎಂದು ಮನೆಯಲ್ಲಿ ಹೇಳುತ್ತಾರೆ. ನಾನು ತಪ್ಪಿದ್ದೆಲ್ಲಿ? ಮುಂದೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದು ಲೆಕ್ಕದ ಮೇಲೆ. ಎರಡು ಗಂಡು, ಹನ್ನೆರಡು ಹೆಣ್ಣು. ಮೊದಲು ಇದನ್ನು ಬಿಡಿಸೋಣ, ಮಿಕ್ಕದ್ದು ಆಮೇಲೆ.

ಎಣಿಸಿದರೆ ಹದಿನಾಲ್ಕು ಮೀನು. ಆದರೆ ಹುಟ್ಟುವ ಪ್ರತಿ ಮರಿಗೂ ಅರ್ಧ ಪಾಲು ಬರುವುದು ತಂದೆಯಿಂದ, ಮತ್ತು ಇಲ್ಲಿ ತಂದೆಯರು ಇಬ್ಬರೇ. ಹಾಗಾಗಿ ನಿಮ್ಮ ಹೊಂಡದ ಸಾವಿರಾರು ಮರಿಗಳಲ್ಲಿ ಯಾವ ಎರಡನ್ನು ಹಿಡಿದರೂ ಅವು ಒಬ್ಬನೇ ತಂದೆಯ ಮಕ್ಕಳಾಗಿರುವ ಸಾಧ್ಯತೆ ಅರ್ಧಕ್ಕರ್ಧ. ತಳಿಶಾಸ್ತ್ರದಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ನಿಮ್ಮಲ್ಲಿ 96ನ್ನು 14ರಿಂದ ಭಾಗಿಸಿದರೆ ಬರುವುದು ಸುಮಾರು 7. ಕಣ್ಣಿಗೆ ಹದಿನಾಲ್ಕು ಕಂಡರೂ ತಳಿಯ ಲೆಕ್ಕದಲ್ಲಿ ಏಳೇ ಮೀನು ಇದ್ದ ಹಾಗೆ. ಒಂದನ್ನು ಈ ಏಳರ ಎರಡರಷ್ಟರಿಂದ, ಅಂದರೆ 14ರಿಂದ ಭಾಗಿಸಿದರೆ, ಪ್ರತಿ ಪೀಳಿಗೆಗೆ ರಕ್ತಸಂಬಂಧದ ಗಂಟು, ಅಂದರೆ ಒಳಸಂಬಂಧ, ಶೇ. 7ರಷ್ಟು ಬಿಗಿಯಾಗುತ್ತದೆ ಎಂದು ತಿಳಿಯುತ್ತದೆ. ಮೂರು ಸುತ್ತಿಗೆ ಅದು ಶೇ. 20ಕ್ಕೆ ಮುಟ್ಟುತ್ತದೆ. ಅಣ್ಣ ತಂಗಿಯರನ್ನೇ ಕೂಡಿಸಿದರೆ ಹುಟ್ಟುವ ಮರಿಯಲ್ಲಿ ಈ ಪ್ರಮಾಣ ಶೇ. 25. ಅಂದರೆ ಮೂರೇ ಸುತ್ತಿನಲ್ಲಿ ನೀವು ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿದ್ದೀರಿ. ಹನ್ನೆರಡು ಹೆಣ್ಣುಗಳೂ ಸಮನಾಗಿ ಮೊಟ್ಟೆಯಿಟ್ಟವು ಎಂದುಕೊಂಡು ಹಾಕಿದ ಲೆಕ್ಕ ಇದು. ಹೊಂಡದಲ್ಲಿ ಹಾಗೆ ಎಂದೂ ಆಗುವುದಿಲ್ಲ. ನಾಲ್ಕೈದು ಹೆಣ್ಣುಗಳ ಮರಿಗಳೇ ಉಳಿದು ಬೆಳೆದಿದ್ದರೂ ಆಶ್ಚರ್ಯವಿಲ್ಲ.

ಮದುವೆಯ ಮಾತಿಗೆ ಕುಳಿತಾಗ ಗೋತ್ರ ಯಾವುದು, ಬೆಡಗು ಯಾವುದು, ಬಳಿ ಯಾವುದು ಎಂದು ವಿಚಾರಿಸದೆ ಮುಂದುವರಿಯದ ಜನ ನಾವು. ಮೀನಿನ ವಿಷಯದಲ್ಲಿ ಆ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ. ಒಂದು ಹಸು ವರ್ಷಕ್ಕೊಂದು ಕರು ಹಾಕುತ್ತದೆ, ಅದಕ್ಕೆ ನೂರು ಹಸು ಇಟ್ಟುಕೊಳ್ಳದೆ ಹಿಂಡು ಆಗುವುದಿಲ್ಲ. ರೋಹು ಹೆಣ್ಣು ಒಂದು ಕಿಲೋ ತೂಕಕ್ಕೆ ಎರಡು ಮೂರು ಲಕ್ಷ ಮೊಟ್ಟೆ ಇಡುತ್ತದೆ. ಗೆಂಡೆಯೂ ಲಕ್ಷದ ಲೆಕ್ಕದಲ್ಲೇ ಇಡುತ್ತದೆ. ಎರಡು ಮೀನಿನಿಂದ ಊರಿಗೆಲ್ಲ ಸಾಕಾಗುವಷ್ಟು ಮರಿ ಸಿಗುತ್ತದೆ ಎಂದ ಮೇಲೆ ಇಪ್ಪತ್ತು ಮೀನು ಸಾಕುವವರು ಯಾರು? ಮೀನಿನ ಈ ಸಮೃದ್ಧಿಯೇ ಅದರ ತಳಿಗೆ ಕುತ್ತು.

ಇದರಲ್ಲಿ ನೀವೊಬ್ಬರೇ ತಪ್ಪಿದವರಲ್ಲ. ನಮ್ಮ ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳನ್ನೇ ಹಿಡಿದು ಎಂಬತ್ತರ ದಶಕದಲ್ಲಿ ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ ಅಧ್ಯಯನ ಮಾಡಿದ್ದರು. 1990ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಒಳಸಂಬಂಧದ ಪ್ರಮಾಣ ಪೀಳಿಗೆಗೆ ಶೇ. 2ರಿಂದ 17ರವರೆಗೆ ಏರುತ್ತಿತ್ತು. ತಾಯಿಮೀನುಗಳನ್ನು ಹೊರಗಿನಿಂದ ತರದೆ, ತಮ್ಮದೇ ಕೊಳದ ಮರಿಗಳನ್ನು ಮತ್ತೆ ತಾಯಿಯಾಗಿಸುತ್ತ ಹೋದರೆ ಇನ್ನೇನಾದೀತು? ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದಿನಿಂದ ರೋಹುವಿನಂಥ ನಮ್ಮ ನಾಡಿನ ಗೆಂಡೆ ಮೀನುಗಳು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಅಲ್ಲಿಯವರೆಗೆ ಮಳೆಗಾಲದಲ್ಲಿ ನದಿಗೆ ಬಲೆಯೊಡ್ಡಿ ಮರಿ ಹಿಡಿಯಬೇಕಿತ್ತು. ಆ ದಿನವನ್ನು ನಾವು ಮೀನು ಕೃಷಿಕರ ದಿನವೆಂದು ಆಚರಿಸುವುದು ನ್ಯಾಯವೇ. ಆದರೆ ನದಿಯ ಬಾಗಿಲು ಮುಚ್ಚಿದ್ದೂ ಅಂದಿನಿಂದಲೇ. ನದಿಯಲ್ಲಿ ಸಾವಿರಾರು ತಾಯಿ ತಂದೆಯರ ರಕ್ತ ಬೆರೆಯುತ್ತಿತ್ತು. ಸಿಮೆಂಟಿನ ತೊಟ್ಟಿಯಲ್ಲಿ ಹತ್ತಾರು ಮೀನುಗಳದ್ದು ಮಾತ್ರ.

ಈಗ ನಿಮ್ಮ ಎರಡನೆಯ ನಂಬಿಕೆಗೆ ಬರೋಣ. ಎಲ್ಲಕ್ಕಿಂತ ದೊಡ್ಡ ಮೀನು ಎಲ್ಲಕ್ಕಿಂತ ಒಳ್ಳೆಯ ತಳಿ ಎಂದು ನೀವು ಭಾವಿಸಿದಿರಿ. ಇದು ಅರ್ಧ ನಿಜ, ಅದರಲ್ಲೂ ಗೆಂಡೆಯಲ್ಲಿ ಅರ್ಧಕ್ಕಿಂತ ಕಡಿಮೆ. ಮೀನಿನ ತೂಕದಲ್ಲಿ ನಾವು ಕಾಣುವ ವ್ಯತ್ಯಾಸದಲ್ಲಿ ಮರಿಗಳಿಗೆ ದಾಟುವ ಪಾಲು ಸಾಮಾನ್ಯವಾಗಿ ಶೇ. 20ರಿಂದ 40. ನಿಮ್ಮ ಹೊಂಡದ ಸರಾಸರಿ 400 ಗ್ರಾಂ, ನೀವು ಆರಿಸಿದವುಗಳ ಸರಾಸರಿ 700 ಗ್ರಾಂ ಎಂದಿಟ್ಟುಕೊಳ್ಳಿ. ನಡುವಿನ ಅಂತರ 300 ಗ್ರಾಂ. ದಾಟುವ ಪಾಲು ಶೇ. 30 ಎಂದರೆ ಮುಂದಿನ ಪೀಳಿಗೆಗೆ ಸಿಗುವುದು 90 ಗ್ರಾಂ. ಅದೂ ಕಾಗದದ ಮೇಲೆ. ಮಿಕ್ಕ 210 ಗ್ರಾಂ ಆ ಮೀನಿನೊಂದಿಗೇ ಬಂದು ಆ ಮೀನಿನೊಂದಿಗೇ ಹೋಗುತ್ತದೆ.

ಅದು ಎಲ್ಲಿಂದ ಬಂದ ತೂಕ? ಒಂದು ದಿನ ಮೊದಲು ಮೊಟ್ಟೆಯೊಡೆದ ಮರಿಗೆ ಮೊದಲ ಮೇವು ಸಿಗುತ್ತದೆ. ಮೇವು ಸಿಕ್ಕಿದ್ದು ಸ್ವಲ್ಪ ದೊಡ್ಡದಾಗುತ್ತದೆ. ದೊಡ್ಡದಾದದ್ದು ಪಕ್ಕದ ಮರಿಯನ್ನು ತಳ್ಳಿ ಇನ್ನಷ್ಟು ತಿನ್ನುತ್ತದೆ. ಒಂದು ತಿಂಗಳೊಳಗೆ ಒಂದೇ ತಾಯಿಯ ಮರಿಗಳಲ್ಲಿ ಒಂದು ಬೆರಳುದ್ದ, ಇನ್ನೊಂದು ಉಗುರುದ್ದ. ತಟ್ಟೆಗೆ ಮೊದಲು ಕೈಹಾಕಿದ ಮಗು ದೊಡ್ಡದಾದ ಹಾಗೆ ಇದು. ಇದರಲ್ಲಿ ರಕ್ತದ ಗುಣವೇನೂ ಇಲ್ಲ.

ಇಸ್ರೇಲಿನಲ್ಲಿ ಮೋವ್ ಮತ್ತು ವೋಲ್ಫಾರ್ತ್ ಎಂಬ ವಿಜ್ಞಾನಿಗಳು ನಿಮ್ಮಂತೆಯೇ ಮಾಡಿ ನೋಡಿದ್ದಾರೆ, ಅದೂ ನಿಮ್ಮ ಮೀನಿನಲ್ಲಿಯೇ. ಐದು ಪೀಳಿಗೆ ಸಾಮಾನ್ಯ ಗೆಂಡೆಯಲ್ಲಿ ದೊಡ್ಡದನ್ನೇ ಆರಿಸುತ್ತ ಹೋದರು. ಪಕ್ಕದಲ್ಲಿ ಇನ್ನೊಂದು ಸಾಲಿನಲ್ಲಿ ಚಿಕ್ಕದನ್ನೇ ಆರಿಸಿದರು. 1976ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಚಿಕ್ಕದರ ಸಾಲು ನಿಜಕ್ಕೂ ಚಿಕ್ಕದಾಗುತ್ತ ಹೋಯಿತು, ದೊಡ್ಡದರ ಸಾಲು ಇದ್ದಲ್ಲೇ ಇತ್ತು. ಈ ಪ್ರಬಂಧವನ್ನು ಮುಂಬಯಿಯ ವರ್ಸೋವಾದಲ್ಲಿ, ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಮೊದಲ ಬಾರಿ ನೋಡಿದಾಗ ನನಗೆ ನಿಜಕ್ಕೂ ಬೇಸರವಾಗಿತ್ತು. ಬೆಟ್ಟ ಇಳಿಯುವುದು ಇಷ್ಟು ಸುಲಭ, ಹತ್ತುವುದು ಇಷ್ಟು ಕಷ್ಟವೇ ಎಂದು. ಹತ್ತಲು ಬೇರೆ ದಾರಿಯಿದೆ ಎಂಬುದು ಆಮೇಲೆ ತಿಳಿಯಿತು.

ಆ ದಾರಿ ನಿಮಗೆ ಹೊಸದೇನಲ್ಲ. ಇಂಡಿ ಸೀಮೆಯವರು ಖಿಲಾರಿ ಹೋರಿಯನ್ನು ಕೊಳ್ಳುವಾಗ ಏನು ಮಾಡುತ್ತೀರಿ? ಕೋಡು, ಗೊರಸು, ಮೈಬಣ್ಣ ನೋಡುತ್ತೀರಿ, ನಿಜ. ಆದರೆ ಬೆಲೆ ಕಟ್ಟುವ ಮೊದಲು ಇದರ ತಾಯಿ ಯಾರ ಮನೆಯದು, ಇದರ ಒಡಹುಟ್ಟಿದ ಎತ್ತುಗಳು ಗಳೆ ಹೇಗೆ ಹೊಡೆಯುತ್ತವೆ ಎಂದು ಕೇಳುತ್ತೀರಿ. ಒಂದು ಪ್ರಾಣಿಯನ್ನು ಅದರ ಬಳಗದಿಂದ ತೂಗುವ ಈ ಜಾಣತನವನ್ನೇ ಮೀನಿಗೆ ತಂದರು. 1970ರ ದಶಕದ ಆರಂಭದಲ್ಲಿ ನಾರ್ವೆಯವರು ಸುಮಾರು ನಲವತ್ತು ನದಿಗಳಿಂದ ಸಾಲ್ಮನ್ ಮೀನು ತಂದು ಈ ಕೆಲಸ ಶುರುಮಾಡಿದರು. ಅದರ ಮುಂಚೂಣಿಯಲ್ಲಿದ್ದ ಹರಾಲ್ಡ್ ಶೇರ್‌ವೊಲ್ಡ್, ತ್ರಿಗ್ವೆ ಯೆಡ್ರೆಮ್ ಇಬ್ಬರೂ ದನ, ಕುರಿಗಳ ತಳಿ ಅಭಿವೃದ್ಧಿಯ ಹಿನ್ನೆಲೆಯಿಂದ ಬಂದವರು. ಕೊಟ್ಟಿಗೆಯ ಲೆಕ್ಕವನ್ನು ಅವರು ನೀರಿಗಿಳಿಸಿದರು.

ನಮ್ಮ ಜಯಂತಿ ರೋಹು ಆ ಶಾಲೆಯದೇ. ಭುವನೇಶ್ವರದ ಕೌಸಲ್ಯಾಗಂಗಾದಲ್ಲಿರುವ, ನಾವೆಲ್ಲ ಸಿಫಾ ಎಂದು ಕರೆಯುವ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ 1992ರಲ್ಲಿ ನಾರ್ವೆಯ ಸಂಶೋಧಕರ ಜೊತೆಗೂಡಿ ಈ ಕೆಲಸಕ್ಕೆ ಕೈಹಾಕಿತು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ಈ ಐದು ನದಿಗಳ ರೋಹು ತಂದರು, ಜೊತೆಗೆ ತಮ್ಮ ಕೊಳದ ಮೀನನ್ನೂ ಸೇರಿಸಿದರು. ಮೊದಲು ರಕ್ತವನ್ನು ಅಗಲ ಮಾಡಿಕೊಂಡು, ಆಮೇಲೆ ಆಯ್ಕೆ. ಈ ಕ್ರಮವನ್ನು ಗಮನಿಸಿ. ಸ್ವಾತಂತ್ರ್ಯದ ಸ್ವರ್ಣ ಜಯಂತಿಯಾದ 1997ರಲ್ಲಿ ಬಿಡುಗಡೆಯಾದದ್ದರಿಂದ ಅದು ಜಯಂತಿ. ಬೆಳವಣಿಗೆಯಲ್ಲಿ ಪೀಳಿಗೆಗೆ ಸರಾಸರಿ ಶೇ. 17ರ ಆಸುಪಾಸಿನ ಏರಿಕೆ ಸಿಕ್ಕಿತು. ಕಾಟ್ಲಾದಲ್ಲೂ ಅದೇ ಸಂಸ್ಥೆ ಅಮೃತ ಕಾಟ್ಲಾ ಎಂಬ ತಳಿ ತಂದಿದೆ.

ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ಒಮ್ಮೆ ತೋರಿಸುತ್ತೇನೆ. ಒಂದು ಜೋಡಿಯ ಮರಿಗಳನ್ನು ಇನ್ನೊಂದು ಜೋಡಿಯ ಮರಿಗಳ ಜೊತೆ ಬೆರೆಯದಂತೆ ಬೇರೆ ಬೇರೆ ಹಾಪಾದಲ್ಲೋ (ನೀರಿಗೆ ಇಳಿಬಿಟ್ಟ ಬಲೆಯ ಚೀಲ) ಸಣ್ಣ ಕೊಳದಲ್ಲೋ ಸಾಕುತ್ತಾರೆ. ಬೆರಳುದ್ದ ಬೆಳೆದಾಗ ಪ್ರತಿ ಕುಟುಂಬದಿಂದ ಒಂದಿಷ್ಟು ಮರಿಗಳನ್ನು ಲವಂಗದ ಎಣ್ಣೆ ಬೆರೆಸಿದ ನೀರಿಗೆ ಬಿಡುತ್ತಾರೆ. ಎರಡು ಮೂರು ನಿಮಿಷದಲ್ಲಿ ಮರಿ ಓಲಾಡಿ ಪಕ್ಕಕ್ಕೆ ಮಗುಚುತ್ತದೆ. ಅದನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಹೊಟ್ಟೆಯ ಬದಿಗೆ ದಪ್ಪ ಸೂಜಿಯಿಂದ ಅಕ್ಕಿಕಾಳಿನಷ್ಟು, ಗಾಜಿನೊಳಗಿಟ್ಟ ಇಲೆಕ್ಟ್ರಾನಿಕ್ ಚಿಪ್ ಒಂದನ್ನು ಒಳಗೆ ಸೇರಿಸಬೇಕು. ಮೇಲೆ ಒಂದು ಹನಿ ಅಯೋಡಿನ್. ಓದುವ ಯಂತ್ರವನ್ನು ಹತ್ತಿರ ಹಿಡಿದರೆ ‘ಕೀಂ’ ಎಂದು ಅದರ ಸಂಖ್ಯೆ ಮೂಡುತ್ತದೆ. ಪಕ್ಕದಲ್ಲಿ ಕುಳಿತವರು ಆ ಸಂಖ್ಯೆಯ ಎದುರು ತಾಯಿ, ತಂದೆ, ಹುಟ್ಟಿದ ದಿನ, ಅಂದಿನ ತೂಕ ಬರೆದುಕೊಳ್ಳುತ್ತಾರೆ. ದಿನಕ್ಕೆ ನೂರಾರು ಮರಿ. ಸಂಜೆಯ ಹೊತ್ತಿಗೆ ಬೆರಳೆಲ್ಲ ಲವಂಗದ ವಾಸನೆ, ಬೆನ್ನು ನೆಟ್ಟಗಾಗುವುದಿಲ್ಲ. ಆ ಹೊತ್ತಿನಲ್ಲೇ ಎಚ್ಚರ ಬೇಕು, ಒಂದು ಸಂಖ್ಯೆ ತಪ್ಪಿ ಬರೆದರೆ ಆ ಮೀನು ಇನ್ನೊಬ್ಬರ ಮಗನಾಗಿಬಿಡುತ್ತದೆ. ನನ್ನ ಮಟ್ಟಿಗೆ ಇಡೀ ಶಾಸ್ತ್ರದ ಪವಿತ್ರ ವಸ್ತು ಆ ನೋಟು ಪುಸ್ತಕ.

ಗುರುತು ಹಾಕಿದ ಮೇಲೆ ಎಲ್ಲ ಕುಟುಂಬಗಳ ಮರಿಗಳೂ ಒಂದೇ ಕೊಳಕ್ಕೆ. ಅದೇ ನೀರು, ಅದೇ ಮೇವು, ಅದೇ ಬಿಸಿಲು. ವರ್ಷದ ಕೊನೆಗೆ ಬಲೆ ಎಳೆದು ತೂಗಿದಾಗ ಯಾವ ಕುಟುಂಬದ ಮರಿಗಳು ಒಟ್ಟಾಗಿ ಮುಂದಿವೆ ಎಂಬುದು ತಿಳಿಯುತ್ತದೆ. ಒಂಟಿಯಾಗಿ ಮುಂದೆ ಓಡಿದ ಮೀನಿಗಿಂತ, ಅಣ್ಣ ತಮ್ಮಂದಿರೆಲ್ಲ ಚೆನ್ನಾಗಿ ಬೆಳೆದ ಮನೆಯ ಮೀನಿಗೆ ಹೆಚ್ಚು ಅಂಕ. ಹೀಗೆ ಆರಿಸಿ, ಹತ್ತಿರದ ಸಂಬಂಧಿಗಳು ಜೋಡಿಯಾಗದಂತೆ ಪಟ್ಟಿ ಮಾಡಿ, ಮತ್ತೆ ಮರಿ. ರೋಹು ಬಲಿಯಲು ಎರಡು ಮೂರು ವರ್ಷ ಬೇಕು, ಹಾಗಾಗಿ ಒಂದು ಮೆಟ್ಟಿಲು ಹತ್ತಲು ಅಷ್ಟೇ ಕಾಲ. ನೀವು ಚಿಲಾಪಿ ಎನ್ನುವ ತಿಲಾಪಿಯಾ ಆರು ತಿಂಗಳಿಗೇ ಬಲಿಯುವುದರಿಂದ ಅದರಲ್ಲಿ ಕೆಲಸ ಬೇಗ ಸಾಗಿತು.

ಕುಟುಂಬದ ಲೆಕ್ಕದಿಂದ ಇನ್ನೊಂದು ದೊಡ್ಡ ಪ್ರಯೋಜನವಿದೆ. ರೋಗ ತಡೆಯುವ ಶಕ್ತಿಯನ್ನು ಕಣ್ಣಿನಿಂದ ಅಳೆಯಲಾಗದು. ರೋಗಾಣು ತಗಲಿಸಿ ನೋಡಿದ ಮೀನನ್ನು ಮತ್ತೆ ತಾಯಿಮೀನಾಗಿ ಇಟ್ಟುಕೊಳ್ಳಲೂ ಆಗದು. ಆದರೆ ಒಂದು ಕುಟುಂಬದ ಐವತ್ತು ಮರಿಗಳನ್ನು ಬೇರೆ ತೊಟ್ಟಿಯಲ್ಲಿ ರೋಗಾಣುವಿಗೆ ಒಡ್ಡಿ, ಎಷ್ಟು ಉಳಿದವು ಎಂದು ಎಣಿಸಿ, ಸುರಕ್ಷಿತವಾಗಿ ಬೇರೆಡೆ ಇರುವ ಅವುಗಳ ಒಡಹುಟ್ಟುಗಳನ್ನು ತಳಿಗೆ ಆರಿಸಬಹುದು. ರೋಹುವಿನ ಮೈ ಹುಣ್ಣಾಗಿಸುವ ಏರೋಮೊನಾಸ್ ಬ್ಯಾಕ್ಟೀರಿಯಾ ವಿರುದ್ಧ ಸಿಫಾದಲ್ಲಿ ಹೀಗೆಯೇ ಆಯ್ಕೆ ನಡೆದಿದೆ. ನಾರ್ವೆಯ ಸಾಲ್ಮನ್ ಮರಿಗಳನ್ನು ಕೊಲ್ಲುತ್ತಿದ್ದ ಒಂದು ವೈರಸ್ ರೋಗದಲ್ಲಂತೂ, ತಡೆಯುವ ಶಕ್ತಿಯ ಬಹುಪಾಲು ವಂಶವಾಹಿಯ ಒಂದೇ ತಾಣದಲ್ಲಿದೆ ಎಂಬುದು ಗೊತ್ತಾದ ಮೇಲೆ, ಆ ಗುರುತಿರುವ ಮೀನುಗಳನ್ನೇ ಆರಿಸಿ ರೋಗವನ್ನು ಬಹಳಷ್ಟು ಹಿಮ್ಮೆಟ್ಟಿಸಿದರು. ಆ ಮೀನುಗಳ ಅಣ್ಣ ತಮ್ಮಂದಿರು ಪ್ರಾಣ ಕೊಟ್ಟು ತಿಳಿಸಿದ ವಿಷಯ ಅದು, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ.

ಇಷ್ಟು ಓದಿದ ಮೇಲೆ ಮನೆಯವರ ಅನುಮಾನಕ್ಕೆ ಉತ್ತರ ಸಿಕ್ಕಿರಬೇಕು. ಜಯಂತಿ ರೋಹುವಿನಲ್ಲಾಗಲಿ, ಗಿಫ್ಟ್ ತಿಲಾಪಿಯಾದಲ್ಲಾಗಲಿ ಯಾರೂ ಹೊರಗಿನ ಜೀನ್ ಸೇರಿಸಿಲ್ಲ. ಜೋಳದ ಒಳ್ಳೆಯ ತೆನೆ ಆರಿಸಿ ಬೀಜಕ್ಕಿಟ್ಟ ನಿಮ್ಮ ಅಜ್ಜಿ ಮಾಡಿದ ಕೆಲಸವೇ ಇದು, ಲೆಕ್ಕ ಮಾತ್ರ ಬಿಗಿಯಾದದ್ದು. ಜೀನ್ ಸೇರಿಸಿದ ಮೀನು ಜಗತ್ತಿನಲ್ಲಿ ಇಲ್ಲವೆಂದಲ್ಲ. ಬೇರೊಂದು ಮೀನಿನ ಬೆಳವಣಿಗೆಯ ಜೀನ್ ಸೇರಿಸಿದ ಸಾಲ್ಮನ್‌ಗೆ ಅಮೆರಿಕ 2015ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಜಪಾನಿನಲ್ಲಿ 2021ರಲ್ಲಿ, ಹೊರಗಿನದೇನೂ ಸೇರಿಸದೆ ಮೀನಿನದೇ ಒಂದು ಜೀನನ್ನು ತಿದ್ದಿದ ಮೀನುಗಳು ಮಾರುಕಟ್ಟೆಗೆ ಬಂದವು. ನಿಮ್ಮ ಹೊಂಡದ ಮೀನಿಗೂ ಅವಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ನಿಶ್ಚಿಂತೆಯಿಂದ ಸಾರು ಮಾಡಿ ಉಣ್ಣಲಿ. ತಿಲಾಪಿಯಾದಲ್ಲಿ ಎಲ್ಲವನ್ನೂ ಗಂಡಾಗಿಸಲು ಮರಿಗಳಿಗೆ ಮೊದಲ ಕೆಲವು ವಾರ ಹಾರ್ಮೋನ್ ಬೆರೆಸಿದ ಮೇವು ಕೊಡುವ ಪದ್ಧತಿಯಿದೆ. ಅದು ಬೇರೆಯೇ ವಿಷಯ, ತಳಿ ಸುಧಾರಣೆಯಲ್ಲ. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲವಾಗುತ್ತದೆ.

ನಿಮ್ಮ ಮೀನಿನ ಹೊಟ್ಟೆಯ ಮೊಟ್ಟೆಗೆ ಈಗ ಬರುತ್ತೇನೆ, ಏಕೆಂದರೆ ತೂಕ ಇಳಿದದ್ದಕ್ಕೆ ಒಳಸಂಬಂಧವೊಂದೇ ಕಾರಣವಲ್ಲ ಎಂದು ನನ್ನ ಬಲವಾದ ಗುಮಾನಿ. ನಮ್ಮಲ್ಲಿ ಹರಡಿರುವ ಸಾಮಾನ್ಯ ಗೆಂಡೆ ಬಹುಪಾಲು 1957ರಲ್ಲಿ ಬ್ಯಾಂಕಾಕ್‌ನಿಂದ ಬಂದದ್ದರ ಸಂತತಿ. ದಕ್ಷಿಣದ ಬೆಚ್ಚನೆಯ ನೀರಿನಲ್ಲಿ ಅದು ಆರು ತಿಂಗಳಿಗೇ ಬಲಿಯುತ್ತದೆ. ಬಲಿತ ಹೆಣ್ಣಿನಲ್ಲಿ ಮೇವಿನ ಸತ್ವ ಮಾಂಸಕ್ಕಿಂತ ಮೊಟ್ಟೆಗೆ ಹೋಗುತ್ತದೆ. ನೀವು ಮರಿ ಮಾಡಿಸುವ ದಿನ ಯಾವ ಮೀನು ಬಲಿತು ಸಿದ್ಧವಾಗಿತ್ತೋ ಅದನ್ನೇ ಬಳಸಿದ್ದೀರಿ. ಅಂದರೆ ದೊಡ್ಡದನ್ನು ಆರಿಸುವಾಗಲೇ, ನಿಮಗೆ ಅರಿವಿಲ್ಲದೆ, ಬೇಗ ಬಲಿಯುವುದನ್ನೂ ಆರಿಸಿದಿರಿ. ಇದರ ಮೇಲೆ ಇನ್ನೊಂದು: ಗೆಂಡೆಯ ಮೊಟ್ಟೆ ಅಂಟುತ್ತದೆ. ಹೊಂಡದಂಚಿನ ಹುಲ್ಲು, ಪ್ಲಾಸ್ಟಿಕ್ಕಿನ ಮೇಲಿನ ಪಾಚಿ, ನೀವು ಇಳಿಬಿಟ್ಟ ಹಗ್ಗ, ಯಾವುದಾದರೂ ಸಾಕು. ನೀವು ಕರೆಯದೆಯೇ ಅವು ಹೊಂಡದಲ್ಲಿ ಮರಿ ಮಾಡಿರುತ್ತವೆ. ನೀವು ಸಾವಿರ ಎಂದುಕೊಂಡ ಕಡೆ ನಾಲ್ಕು ಸಾವಿರ ಬಾಯಿಗಳಿರಬಹುದು. ಮುಂದಿನ ಸಲ ಬಲೆ ಎಳೆದಾಗ ಎರಡು ಬೆರಳಿನಷ್ಟು ಮರಿಗಳು ಬಂದರೆ ನನ್ನ ಗುಮಾನಿ ಸರಿ. ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ಕೆಸರೂ ಇಲ್ಲ. ಗೆಂಡೆ ಕೆಸರು ಕೆದಕಿ ಹುಳ ತಿನ್ನುವ ಮೀನು. ನೀವು ಹಾಕುವ ಮೇವಲ್ಲದೆ ಅದಕ್ಕೆ ಬೇರೇನೂ ಸಿಗುತ್ತಿಲ್ಲ.

ಬೆಂಗಳೂರಿನ ಹೆಸರಘಟ್ಟದ ಮೀನುಗಾರಿಕಾ ಸಂಶೋಧನಾ ಕೇಂದ್ರದವರು ಈ ತೊಂದರೆಗೇ ಮದ್ದು ಹುಡುಕಿದವರು. ಸ್ಥಳೀಯ ಗೆಂಡೆಯ ರಕ್ತ ಸವೆದಿದೆ ಎಂದು ಹಂಗೇರಿಯಿಂದ ಅಮೂರ್ ಎಂಬ ಗೆಂಡೆಯನ್ನು ತರಿಸಿ ಪಕ್ಕಪಕ್ಕದಲ್ಲಿ ಸಾಕಿ ನೋಡಿದರು. ಅಮೂರ್ ಸ್ಥಳೀಯದ್ದಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು ಬೆಳೆಯಿತು, ತಡವಾಗಿ ಬಲಿಯಿತು. ನೀವು ಗೆಂಡೆಯನ್ನೇ ಮುಂದುವರಿಸುವುದಾದರೆ ಕೇಳಬೇಕಾದದ್ದು ಅಮೂರ್ ಮರಿ. ಆಮ್ಲಜನಕ ತುಂಬಿದ ಚೀಲದಲ್ಲಿ ಮರಿ ಒಂದು ರಾತ್ರಿಯ ಪ್ರಯಾಣ ತಾಳುತ್ತದೆ. ರಾಜ್ಯ ದಾಟಿಸುವ ಮೊದಲು ಮಹಾರಾಷ್ಟ್ರದ ಮೀನುಗಾರಿಕೆ ಇಲಾಖೆಗೆ ತಿಳಿಸಿ, ಹೇಳಿ ಕೇಳಿ ತನ್ನಿ.

ಜಯಂತಿ ರೋಹು ನಿಮ್ಮ ಹೊಂಡಕ್ಕೆ ಹೊಂದುತ್ತದೆಯೇ? ಹೊಂದುತ್ತದೆ, ಮತ್ತು ನನ್ನ ಒಲವೂ ಆ ಕಡೆಗೇ. ರೋಹು ನಿಂತ ನೀರಿನಲ್ಲಿ ತಾನಾಗಿ ಮೊಟ್ಟೆಯಿಡುವುದಿಲ್ಲ, ಚುಚ್ಚುಮದ್ದು ಬೇಕು. ಆದ್ದರಿಂದ ಕರೆಯದ ಮರಿಗಳ ಕಾಟವಿರದು. ಮುಂಬಯಿ, ಪುಣೆಯ ಮಾರುಕಟ್ಟೆಗಳಿಗೆ ರೋಹು ಆಂಧ್ರದಿಂದ ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ಅಂದು ಹಿಡಿದ ಮೀನನ್ನು ಅಂದೇ ಕೊಡಬಲ್ಲ ನಿಮಗೆ ಅದೊಂದು ಮೇಲುಗೈ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಜಯಂತಿ ರೋಹುವನ್ನು ಕಣ್ಣಿನಿಂದ ಗುರುತಿಸಲು ಯಾರಿಗೂ ಆಗದು, ನನಗೂ ಆಗದು. ಅದು ರೋಹುವಿನಂತೆಯೇ ಕಾಣುತ್ತದೆ. ಕೇಳಬೇಕಾದದ್ದು ಕಾಗದ: ತಾಯಿಮೀನು ಯಾವ ವರ್ಷ ಎಲ್ಲಿಂದ ಬಂತು, ಗಂಡೆಷ್ಟು ಹೆಣ್ಣೆಷ್ಟು, ಕೊನೆಯ ಸಲ ಬದಲಿಸಿದ್ದು ಯಾವಾಗ. ರಾಷ್ಟ್ರೀಯ ಮೀನುಗಾರಿಕಾ ಅಭಿವೃದ್ಧಿ ಮಂಡಳಿ ಕೌಸಲ್ಯಾಗಂಗಾದಲ್ಲೇ ಸಿಹಿನೀರು ಮೀನಿನ ತಾಯಿಮೀನು ಕೇಂದ್ರ ನಡೆಸುತ್ತದೆ. ಅಲ್ಲಿಂದ ತಂದವರ ಬಳಿ ಅದರ ದಾಖಲೆ ಇರಲೇಬೇಕು. ಉತ್ತರ ತಡವರಿಸಿದರೆ ಹಣ ಎಣಿಸಬೇಡಿ.

ವರ್ಷಗಳ ಹಿಂದೆ ಘಟ್ಟದ ಮೇಲಿನ ಒಂದು ಮರಿ ಕೇಂದ್ರಕ್ಕೆ ಹೋಗಿದ್ದೆ. ಬಾಗಿಲಲ್ಲಿ ಸುಧಾರಿತ ತಳಿಯ ಫಲಕ. ಒಳಗೆ ದುಂಡನೆಯ ತೊಟ್ಟಿಯಲ್ಲಿ ಕಾಟ್ಲಾ, ರೋಹು, ಮೃಗಾಲ ಮೂರಕ್ಕೂ ಚುಚ್ಚುಮದ್ದು ಕೊಟ್ಟು ಒಟ್ಟಿಗೇ ಬಿಟ್ಟಿದ್ದರು. ನೀರು ತಿರುಗುತ್ತಿದ್ದಂತೆ ಒಂದರ ಮೊಟ್ಟೆಗೆ ಇನ್ನೊಂದರ ಹಾಲು, ಅಂದರೆ ಗಂಡಿನ ವೀರ್ಯ, ಬೀಳುತ್ತಿತ್ತು. ಹೀಗೆ ಹುಟ್ಟುವ ಮಿಶ್ರ ಮರಿಗಳಲ್ಲಿ ಕಾಟ್ಲಾ ರೋಹುಗಳದ್ದು ಬಂಜೆಯೂ ಅಲ್ಲ. ಅದು ಮತ್ತೆ ಮರಿ ಮಾಡುತ್ತದೆ, ಶುದ್ಧ ಸಾಲಿಗೆ ನುಸುಳುತ್ತದೆ. ಐದು ನದಿಗಳಿಂದ ಕೂಡಿಸಿ, ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ ಒಂದು ರಾತ್ರಿಯಲ್ಲಿ ಕಲಸಿಹೋಗುವುದನ್ನು ನಿಂತು ನೋಡಿದ ಆ ಸಂಜೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಾಗಾಗಿ ನಂಬುವ ಮೊದಲು ಪರೀಕ್ಷಿಸಿ. ಒಂದೇ ವಯಸ್ಸಿನ, ಒಂದೇ ತೂಕದ ಮರಿಗಳನ್ನು ಎರಡು ಕಡೆಯಿಂದ ನೂರು ನೂರು ತನ್ನಿ. ಒಂದು ಗುಂಪಿನ ಎಡ ಹೊಟ್ಟೆರೆಕ್ಕೆಯನ್ನೂ ಇನ್ನೊಂದರ ಬಲ ಹೊಟ್ಟೆರೆಕ್ಕೆಯನ್ನೂ ಬುಡಕ್ಕೆ ಹತ್ತಿರವಾಗಿ ಚೂಪಾದ ಕತ್ತರಿಯಿಂದ ಕತ್ತರಿಸಿ. ಎರಡಕ್ಕೂ ಕತ್ತರಿಸುವುದು ಏಕೆಂದರೆ ನೋವು ಸಮನಾಗಿರಲಿ ಎಂದು. ಎರಡನ್ನೂ ಒಂದೇ ಹೊಂಡಕ್ಕೆ ಬಿಡಿ, ಬೇರೆ ಬೇರೆ ಹೊಂಡಕ್ಕೆ ಬಿಟ್ಟರೆ ನೀವು ಅಳೆಯುವುದು ಹೊಂಡವನ್ನು, ತಳಿಯನ್ನಲ್ಲ. ನಾಲ್ಕು ತಿಂಗಳಾದ ಮೇಲೆ ತೂಗಿ. ರೆಕ್ಕೆ ಮತ್ತೆ ಚಿಗುರಿದರೂ ಸೊಟ್ಟಗೆ ಬೆಳೆದಿರುತ್ತದೆ, ಗುರುತು ಸಿಗುತ್ತದೆ. ನೂರು ಜಾಹೀರಾತಿಗಿಂತ ಈ ಇನ್ನೂರು ಮೀನಿನ ಮಾತು ಗಟ್ಟಿ.

ಗಿಫ್ಟ್ ತಿಲಾಪಿಯಾದ ಹಿಂದಿನ ಕೆಲಸದ ಬಗ್ಗೆ ನನಗೆ ಅಪಾರ ಗೌರವ. 1988ರಲ್ಲಿ ಫಿಲಿಪೀನ್ಸ್‌ನಲ್ಲಿ ಶುರುವಾದ ಆ ಯೋಜನೆಗೆ ಈಜಿಪ್ಟ್, ಘಾನಾ, ಕೆನ್ಯಾ, ಸೆನೆಗಲ್‌ಗಳಿಂದ ಕಾಡು ಮೀನು ತಂದು, ಏಷ್ಯಾದ ಸಾಕು ಮೀನಿನ ಜೊತೆ ಬೆರೆಸಿದರು. ಐದು ಪೀಳಿಗೆಗೆ ಬೆಳವಣಿಗೆ ಶೇ. 80ಕ್ಕೂ ಮೀರಿ ಏರಿತು. ಕರ್ನಾಟಕದ ಮರಿ ಕೇಂದ್ರಗಳ ಕುರಿತು ಬರೆದ ಏಕನಾಥ್ ಅವರೇ ಆ ತಂಡದಲ್ಲಿ ಮುಖ್ಯರಾಗಿದ್ದರು. ಆದರೂ ನಿಮಗೆ ನಾನು ಅದನ್ನು ಸೂಚಿಸಲಾರೆ. ತಿಲಾಪಿಯಾ ಸಾಕಲು ಇಲಾಖೆಯ ಅನುಮತಿ ಬೇಕು, ಮರಿ ಮಾನ್ಯತೆ ಪಡೆದ ಕೇಂದ್ರದಿಂದಲೇ ಬರಬೇಕು, ಒಂದು ಮೀನೂ ಹೊರಗೆ ಹೋಗದಂತೆ ಕಟ್ಟುನಿಟ್ಟು ಬೇಕು. ನಿಮ್ಮ ಪಕ್ಕದಲ್ಲೇ ಉಜನಿ ಜಲಾಶಯವಿದೆ. ಅಲ್ಲಿ ಚಿಲಾಪಿ ಎಷ್ಟು ಹಬ್ಬಿದೆ ಎಂಬುದು ಭಿಗವಣದ ಯಾವ ಮೀನುಗಾರರನ್ನು ಕೇಳಿದರೂ ತಿಳಿಯುತ್ತದೆ. ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ಆ ನೀರು ಭೀಮೆಗೆ ಸೇರುತ್ತದೆ. ಭೀಮೆ ಹರಿದು ಹೋಗುವುದು ನಿಮ್ಮ ಇಂಡಿ ತಾಲ್ಲೂಕಿನ ದಂಡೆಗೇ. ಇಲ್ಲಿ ತಪ್ಪಿಸಿಕೊಂಡ ಮೀನು ನಿಮ್ಮ ಅಣ್ಣ ತಮ್ಮಂದಿರ ಬಲೆಯಲ್ಲಿ ನಾಡಿನ ಮೀನಿನ ಜಾಗ ಹಿಡಿಯುತ್ತದೆ. ಇನ್ನು ಯಾರಾದರೂ ಥಾಯ್ ಮಾಗುರ್ ಅನ್ನು ಸುಧಾರಿತ ತಳಿ ಎಂದು ತಂದರೆ ಬಾಗಿಲಲ್ಲೇ ತಡೆಯಿರಿ. ಅದು ಆಫ್ರಿಕಾದ ಮೀನು, ಕಂಡದ್ದನ್ನೆಲ್ಲ ತಿನ್ನುತ್ತದೆ, ದೇಶದಲ್ಲಿ ನಿಷೇಧವಾಗಿದೆ.

ಮುಂದಿನ ಹೆಜ್ಜೆ ಹೀಗಿರಲಿ. ಈ ಸುತ್ತಿನ ಮೀನನ್ನು ಪೂರ್ತಿ ಮಾರಿಬಿಡಿ, ತಳಿಗೆಂದು ಒಂದನ್ನೂ ಉಳಿಸಬೇಡಿ. ಕಷ್ಟವಾಗುತ್ತದೆ ಎಂದು ಬಲ್ಲೆ, ಕೈಯಾರೆ ಬೆಳೆಸಿದ್ದು. ಹೊಂಡದ ನೀರು ತೆಗೆದು ಪಾಚಿ ಉಜ್ಜಿ ತೊಳೆಯಿರಿ, ಒಂದು ಮೊಟ್ಟೆಯೂ ಉಳಿಯಬಾರದು. ಒಂದು ಹೊಂಡಕ್ಕೆ ದಾಖಲೆಯಿರುವ ಜಯಂತಿ ರೋಹು ಮತ್ತು ಸ್ವಲ್ಪ ಕಾಟ್ಲಾ, ಇನ್ನೊಂದಕ್ಕೆ ಅಮೂರ್. ಅಮೂರ್‌ನಿಂದ ನೀವೇ ಮರಿ ಮಾಡಿಸುವ ಆಸೆ ಉಳಿದಿದ್ದರೆ, ಅದು ಇರಲಿ ಎಂದೇ ನನ್ನ ಆಸೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಕಡೆಯಿಂದ ಮರಿ ತಂದು ಇಪ್ಪತ್ತೈದು ಗಂಡು ಇಪ್ಪತ್ತೈದು ಹೆಣ್ಣು ಬೆಳೆಸಿಕೊಳ್ಳಿ. ಮೊದಲಿನ ಸೂತ್ರದಲ್ಲಿ ಹಾಕಿ ನೋಡಿ: ತಳಿಯ ಲೆಕ್ಕದಲ್ಲೂ ಐವತ್ತು ಮೀನು, ಒಳಸಂಬಂಧ ಏರುವುದು ಪೀಳಿಗೆಗೆ ಶೇ. 1 ಮಾತ್ರ. ಸಣ್ಣ ಹಾಪಾಗಳಲ್ಲಿ ಜೋಡಿ ಜೋಡಿಯಾಗಿ ಬಿಟ್ಟು, ಪ್ರತಿ ಹಾಪಾದಿಂದ ಸಮನಾದ ಸಂಖ್ಯೆಯ ಮರಿ ತೆಗೆದುಕೊಳ್ಳಿ. ಎಲ್ಲರಿಗಿಂತ ಮುಂದೆ ಓಡಿದ ಒಂದೆರಡನ್ನು ಕಂಡು ಮರುಳಾಗಬೇಡಿ. ಮತ್ತು ಬರೆದಿಡಿ. ನೂರು ಪುಟದ ಒಂದು ಪುಸ್ತಕ ಸಾಕು.

ರೆಕ್ಕೆ ಕತ್ತರಿಸಿದ ಮೀನುಗಳನ್ನು ತೂಗಿದ ದಿನ ಎಡ, ಬಲ ಎರಡು ಗುಂಪಿನ ತೂಕದ ಪಟ್ಟಿಯನ್ನು ಒಂದೊಂದೇ ಮೀನಿನ ಲೆಕ್ಕದಲ್ಲಿ ನನಗೆ ಕಳುಹಿಸಿ, ಸರಾಸರಿ ಮಾತ್ರ ಕಳುಹಿಸಬೇಡಿ. ಸತ್ತವುಗಳ ಸಂಖ್ಯೆಯನ್ನೂ ಬರೆಯಿರಿ.